ಖಾರದ ಕಪ್ಪು ಚಾಕೊಲೇಟ್: ಮೂರು ಬಗೆ, ಒಂದು ಲೋಟ

‘ಅಜ್ಟೆಕ್’ ಎಂದು ಮುದ್ರಿಸಿದ ಚಾಕೊಲೇಟಿನ ಹಿಂಬದಿ ತಿರುಗಿಸಿ ಓದಿ, ಹೆಚ್ಚಿನವುಗಳಲ್ಲಿ ದಾಲ್ಚಿನ್ನಿ ಕಾಣಿಸುತ್ತದೆ. ದಾಲ್ಚಿನ್ನಿ ಸಿಂಹಳದ್ದು. 1519ರಲ್ಲಿ ಸ್ಪೇನಿನವರು ಮೆಕ್ಸಿಕೋದಲ್ಲಿ ಇಳಿಯುವ ತನಕ ಅಲ್ಲಿ ಆಳುತ್ತಿದ್ದ ಅಜ್ಟೆಕ್ ಜನ ಅದರ ವಾಸನೆ ಕೂಡ ನೋಡಿದವರಲ್ಲ. ಸಕ್ಕರೆಯೂ ಹಾಗೆಯೇ. ಅವರ ಕೋಕೋಗೆ ಬೀಳುತ್ತಿದ್ದದ್ದು ಮೆಣಸಿನಕಾಯಿ, ವೆನಿಲಾ, ಕೆಂಪು ಬಣ್ಣಕ್ಕೆ ಆಚಿಯೋಟೆ ಬೀಜ, ಕೆಲವು ಕಾಡುಹೂಗಳು, ಕೆಲವೊಮ್ಮೆ ಜೇನು. ಅದೂ ತಿನ್ನುವುದಕ್ಕಲ್ಲ, ಕುಡಿಯುವುದಕ್ಕೆ. ತಿನ್ನುವ ಚಾಕೊಲೇಟ್ ಅಚ್ಚು ಬಂದದ್ದೇ 1847ರಲ್ಲಿ, ಇಂಗ್ಲೆಂಡಿನಲ್ಲಿ.

ಇದೆಲ್ಲ ಗೊತ್ತಿದ್ದೂ ಈ ಹೆಸರಿನ ಚಾಕೊಲೇಟುಗಳನ್ನು ಬಿಡಲು ನನಗೆ ಮನಸ್ಸಾಗುವುದಿಲ್ಲ. ಪುತ್ತೂರಿನ ಅಡಿಕೆ ತೋಟದಲ್ಲಿ ಕೊಕ್ಕೊ ಹಣ್ಣು ಒಡೆದು, ಬಿಳಿ ತಿರುಳು ಚೀಪಿ, ಬೀಜವನ್ನು ಬುಟ್ಟಿಗೆ ಉಗಿದು ಬೆಳೆದವಳು ನಾನು. ಈಗ ಇರುವುದು ಬಾಸ್ಟನ್ ಬಳಿ. ಅಮ್ಮ ಬಂದಿದ್ದಾಗ ಒಂದು ವಾರ ಇಬ್ಬರೂ ಕೂತು ರುಚಿ ನೋಡಿದೆವು. ಬೆಳಿಗ್ಗೆ, ಕಾಫಿಗೆ ಮುಂಚೆ. ಒಂದೊಂದು ತುಂಡು ನಾಲಿಗೆಯ ಮೇಲಿಟ್ಟು ಕರಗಲು ಬಿಡುವುದು, ಜಗಿಯಕೂಡದು. ನಡುವೆ ನಾಲಿಗೆ ತೊಳೆಯಲು ಉಗುರುಬೆಚ್ಚಗಿನ ನೀರು, ಒಂದು ತುತ್ತು ಸಪ್ಪೆ ಅನ್ನ.

ಮೊದಲನೆಯದು ಯುರೋಪಿನ ನುಣುಪು ಜಾತಿಯದು, ತೆಳ್ಳಗೆ, ಕನ್ನಡಿಯಂಥ ಹೊಳಪು. ಗಂಟೆಗಟ್ಟಲೆ ಮಥಿಸಿ ನಯ ಮಾಡುವ ಈ ವಿದ್ಯೆ 1879ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿತು. ಬಾಯಿಗಿಟ್ಟರೆ ಮೊದಲು ಬೆಣ್ಣೆ, ಆಮೇಲೆ ಸಿಹಿ, ಆಮೇಲೆ ಕೋಕೋ. ಖಾರ ಎಲ್ಲಿ ಎಂದು ಹುಡುಕುತ್ತಿರುವಾಗ, ನುಂಗಿದ ಮೇಲೆ, ಗಂಟಲಲ್ಲಿ ಸಣ್ಣಗೆ ಉರಿ ಏಳುತ್ತದೆ. ಮೆಣಸಿನಕಾಯಿಯ ಖಾರದ ಅಂಶ ನೀರಿನಲ್ಲಿ ಕರಗದು, ಕೊಬ್ಬಿನಲ್ಲಿ ಕರಗುತ್ತದೆ. ಕೋಕೋ ಬೆಣ್ಣೆ ಅದನ್ನು ತನ್ನೊಳಗೆ ಹಿಡಿದಿಟ್ಟುಕೊಂಡು, ಮೈಶಾಖಕ್ಕೆ ಕರಗಿದಷ್ಟೇ ಬಿಟ್ಟುಕೊಡುತ್ತದೆ. ಉರಿ ಇದೆ, ಆದರೆ ಮೆಣಸಿನಕಾಯಿಯ ಪರಿಮಳ ಇಲ್ಲ. ಇದು ನನಗೆ ದೊಡ್ಡ ಕೊರತೆಯಾಗಿ ಕಂಡಿತು. ಒಣಮೆಣಸನ್ನು ಬರೀ ಉರಿಗೋಸ್ಕರ ಯಾರು ಹುರಿಯುತ್ತಾರೆ?

ಎರಡನೆಯದು ಕಿತ್ತಳೆ, ದಾಲ್ಚಿನ್ನಿ, ಜಾಯಿಕಾಯಿ ಬೆರೆತ ಬಗೆ. ಗ್ರೀನ್ ಅಂಡ್ ಬ್ಲ್ಯಾಕ್ಸ್ ಕಂಪನಿಯ ‘ಮಾಯಾ ಗೋಲ್ಡ್’ ಈ ದಾರಿಯ ಹಿರಿಯ. 1994ರಲ್ಲಿ ಬ್ರಿಟನ್ನಿನಲ್ಲಿ ಫೇರ್‌ಟ್ರೇಡ್ (ರೈತರಿಗೆ ನ್ಯಾಯವಾದ ಬೆಲೆ) ಗುರುತು ಪಡೆದ ಮೊದಲ ಸರಕು ಅದೇ, ಆಗ ಅದರ ಕೋಕೋ ಬರುತ್ತಿದ್ದದ್ದು ಮಧ್ಯ ಅಮೆರಿಕದ ಬೆಲೀಜ್ ದೇಶದ ಮಾಯಾ ಜನಾಂಗದ ರೈತರಿಂದ. ಘಮಘಮ, ಹಬ್ಬದ ದಿನದ ಅಡುಗೆಮನೆಯ ಹಾಗೆ. ಅಮ್ಮನಿಗೆ ಇದೇ ಹಿಡಿಸಿತು. ಖಾರ ಇದರಲ್ಲಿಲ್ಲ, ಆದ್ದರಿಂದ ನಮ್ಮ ಹುಡುಕಾಟಕ್ಕೆ ಇದು ಹೊರಗಿನದು. ಸಂಜೆ ಚಹಾದ ಜೊತೆಗೆ ಮಾತ್ರ ಇದನ್ನೇ ತೆಗೆಯುತ್ತೇನೆ.

ಮೂರನೆಯದು ನಮ್ಮ ಪಕ್ಕದ ಸಾಮರ್‌ವಿಲ್ ಊರಿನ ಟಾಝಾ ಕಂಪನಿಯ ಗುವಾಹಿಯೋ ಮೆಣಸಿನಕಾಯಿ ಬಿಲ್ಲೆ. ಇದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಮೆಕ್ಸಿಕೋದ ಒಹಾಕಾದಲ್ಲಿ ಗಿರಣಿ ಕಲ್ಲು ಕೆತ್ತುವುದನ್ನು ಕಲಿತು ಬಂದವರು ಕಟ್ಟಿದ ಕಾರ್ಖಾನೆ ಅದು. ಕೋಕೋವನ್ನು ಕಲ್ಲಿನಲ್ಲಿ ಅರೆದು ಅಷ್ಟಕ್ಕೇ ಬಿಡುತ್ತಾರೆ, ನಯ ಮಾಡುವುದಿಲ್ಲ. ಬಾಯಿಗಿಟ್ಟ ಕೂಡಲೇ ತರಿ. ಸಕ್ಕರೆಯ ಹರಳು ಹಲ್ಲಿಗೆ ಸಿಗುತ್ತದೆ, ಕೋಕೋದ ಚೂರೂ ಸಿಗುತ್ತದೆ, ಬೀಸುವ ಕಲ್ಲಿನಲ್ಲಿ ಬೀಸಿದ ಹಿಟ್ಟಿನ ತರಿ ನೆನಪಾಗುವಂತೆ. ಅಮ್ಮ, “ಇದು ಸರಿಯಾಗಿ ನುಣ್ಣಗಾಗಲಿಲ್ಲ ಮಗಳೇ” ಎಂದು ತುಂಡನ್ನು ಬದಿಗಿಟ್ಟಳು. ಎರಡನೆಯ ದಿನ ತಾನೇ ಕೇಳಿ ತೆಗೆದುಕೊಂಡಳು.

ತರಿಯಿಂದಾಗುವ ಲಾಭ ಇದು: ಎಲ್ಲವೂ ಒಟ್ಟಿಗೆ ಕರಗುವುದಿಲ್ಲ, ಆದ್ದರಿಂದ ರುಚಿಗಳು ಒಂದರೊಳಗೊಂದು ಮುಳುಗುವುದೂ ಇಲ್ಲ. ಕೋಕೋದ ಹುಳಿ ಬೇರೆ, ಸಿಹಿ ಬೇರೆ, ಮೆಣಸಿನಕಾಯಿ ಬೇರೆ. ಗುವಾಹಿಯೋ ನಮ್ಮ ಬ್ಯಾಡಗಿಗೆ ಹತ್ತಿರದ ಸ್ವಭಾವದ್ದು: ಬಣ್ಣ ಜಾಸ್ತಿ, ಖಾರ ಹದ, ಒಣಹಣ್ಣಿನಂಥ ಒಂದು ಪರಿಮಳ. ಉರಿಗಿಂತ ಮೊದಲು ಆ ಪರಿಮಳ ಬಂತು. ಮೂರರಲ್ಲಿ ತಿನ್ನಲು ನನ್ನ ಆಯ್ಕೆ ಇದೇ, ಅನುಮಾನವಿಲ್ಲ.

ಆದರೆ ಅಜ್ಟೆಕರ ಹೆಸರು ಹಿಡಿದು ಹೊರಟ ಮೇಲೆ ಕುಡಿಯದೆ ನಿಲ್ಲಿಸುವುದು ನ್ಯಾಯವಲ್ಲ ಅನಿಸಿತು. ಹುರಿದ ಕೋಕೋ ಬೀಜ ಮೂವತ್ತು ಗ್ರಾಂ, ಸಿಪ್ಪೆ ತೆಗೆದು ಮಿಕ್ಸಿಗೆ. ಜೊತೆಗೆ ಹುರಿದ ಒಂದು ಗುವಾಹಿಯೋ ಒಣಮೆಣಸು, ವೆನಿಲಾ ಕೋಡಿನ ಒಂದಿಂಚು, ಎರಡು ಚಮಚ ಜೋಳದ ಹಿಟ್ಟು (ನಮ್ಮ ಬಿಳಿಜೋಳವಲ್ಲ, ಮೆಕ್ಕೆಜೋಳ), ಅರ್ಧ ಚಮಚ ಆಚಿಯೋಟೆ ನೆನೆಸಿದ ನೀರು. ಅವರು ಹಾಕುತ್ತಿದ್ದ ಕಿವಿಯಾಕಾರದ ಹೂ ಸಿಗಲಿಲ್ಲ, ಬದಲಿಗೆ ಎರಡು ಕಾಳುಮೆಣಸು. ಸಕ್ಕರೆ ಇಲ್ಲ, ಅರ್ಧ ಚಮಚ ಜೇನು. ನೀರು ಸುಮಾರು ನಾನೂರು ಮಿಲಿ.

ಮೊದಲ ಸಲ ಕೆಟ್ಟಿತು. ಎಣ್ಣೆ ಮೇಲೆ ತೇಲಿ, ಗಸಿ ತಳ ಕಂಡು, ನಡುವೆ ಕಹಿ ನೀರು. ಎರಡನೆಯ ಸಲ ಹಿಟ್ಟನ್ನು ಮೊದಲೇ ನೀರಿನಲ್ಲಿ ಕುದಿಸಿ ಗಂಜಿ ಮಾಡಿ, ಅದರಲ್ಲಿ ಅರೆದದ್ದನ್ನು ಕದಡಿ, ಪೂರ್ತಿ ಆರಿಸಿದೆ. ಈಗ ಕೂಡಿಕೊಂಡಿತು. ನೊರೆ ಮಾತ್ರ ಬರಲೊಲ್ಲದು. ಅಜ್ಟೆಕರಿಗೆ ನೊರೆಯೇ ಮುಖ್ಯ. 16ನೇ ಶತಮಾನದ ಚಿತ್ರವೊಂದರಲ್ಲಿ ಹೆಣ್ಣುಮಗಳೊಬ್ಬಳು ನಿಂತುಕೊಂಡು ಪಾತ್ರೆ ಎತ್ತಿ ಹಿಡಿದು, ನೆಲದಲ್ಲಿರುವ ಇನ್ನೊಂದು ಪಾತ್ರೆಗೆ ಕೋಕೋ ಸುರಿಯುತ್ತಿದ್ದಾಳೆ. ನಾನು ವಿಸ್ಕ್ ಹಿಡಿದು ತಿರುವುತ್ತಿದ್ದೆ, ಆ ಚಿತ್ರವನ್ನು ಫೋನಿನಲ್ಲಿ ಅಮ್ಮನಿಗೆ ತೋರಿಸಿದೆ.

“ಅದಕ್ಕೆ ಇಷ್ಟು ಹೊತ್ತಾ, ತಾ ಇಲ್ಲಿ” ಎಂದು ಅಮ್ಮ ಎರಡು ಸ್ಟೀಲ್ ಲೋಟ ತೆಗೆದುಕೊಂಡು ಸಿಂಕಿನ ಮುಂದೆ ನಿಂತಳು. ಕಾಫಿ ಎತ್ತಿ ಹೊಯ್ಯುವ ಕೈ. ಇಪ್ಪತ್ತು ಸಲಕ್ಕೆ ಬೆರಳೆರಡರಷ್ಟು ದಪ್ಪ ಕಂದುಕೆಂಪು ನೊರೆ.

ಕುಡಿದದ್ದು ಚಾಕೊಲೇಟ್ ಎಂದು ನಾಲಿಗೆ ಒಪ್ಪಲಿಲ್ಲ. ಸಿಹಿಯ ಆಸರೆ ಇಲ್ಲದ ಕಹಿ, ಅದರ ಬೆನ್ನಿಗೆ ಮೆಣಸಿನಕಾಯಿ ತುಟಿಗೇ ತಗಲಿತು, ಗಂಟಲಿಗಲ್ಲ. ಕೋಕೋದ ಕೊಬ್ಬೆಲ್ಲ ನೊರೆಯಲ್ಲಿ ಕೂಡಿದ್ದರಿಂದ ಖಾರವೂ ಅಲ್ಲೇ ಕೂತಿತ್ತು ಅನಿಸುತ್ತದೆ. ಕೆಳಗಿನ ದ್ರವ ತಣ್ಣಗೆ, ಗಂಜಿಯಂತೆ, ಹೊಟ್ಟೆಗೆ ಹಿತ. ಬಿಲ್ಲೆ ಎರಡು ತುಂಡಿಗೆ ಸಾಕೆನಿಸುತ್ತದೆ, ಇದು ಲೋಟ ಮುಗಿಯುವವರೆಗೆ ಬಿಡಲಿಲ್ಲ. ಮೂರನೆಯ ಸಲ ಗುವಾಹಿಯೋ ಬಿಟ್ಟು ಊರಿಂದ ತಂದ ಬ್ಯಾಡಗಿ ಹಾಕಿದೆ, ಬಣ್ಣ ಇನ್ನೂ ಚೆನ್ನಾಯಿತು.

ಅಮ್ಮ ನೊರೆ ಪೂರ್ತಿ ಕುಡಿದು, ತಳದಲ್ಲಿ ಉಳಿದ ಗಸಿಗೆ ಬೆಲ್ಲ ಕೇಳಿದಳು.