ಜಮೀನಿನ ನಕ್ಷೆ: ಫಿಲ್ಟರೋ, ಬಣ್ಣವೋ?

ನಕ್ಷೆ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಊರಿನ ಸರ್ವೆ ನಂಬರುಗಳ ಲೇಯರ್ (ನಕ್ಷೆಯ ಪದರ) ತೆರೆದಿದ್ದೀರಿ. ಹುಡುಕುತ್ತಿರುವುದು ಎರಡೂವರೆ ಎಕರೆಗಿಂತ ದೊಡ್ಡ ಖುಷ್ಕಿ (ಮಳೆಯಾಶ್ರಿತ) ಜಮೀನು ಮಾತ್ರವೇ? ಹಾಗಾದರೆ ಫಿಲ್ಟರ್: ಲೇಯರ್ ಮೇಲೆ ರೈಟ್ ಕ್ಲಿಕ್ ಮಾಡಿ ಷರತ್ತು ಬರೆಯಿರಿ, ಉಳಿದದ್ದೆಲ್ಲ ಮರೆಯಾಗುತ್ತದೆ. ಎಕ್ಸ್‌ಪೋರ್ಟ್‌ನಲ್ಲೂ ಅಷ್ಟೇ ಬರುತ್ತದೆ.

ಎಡವುವುದು ವಿಸ್ತೀರ್ಣದಲ್ಲಿ. ಪಹಣಿಯ ಲೆಕ್ಕದಲ್ಲಿ 2.30 ಎಂದರೆ 2 ಎಕರೆ 30 ಗುಂಟೆ, ಅಂದರೆ 2.75 ಎಕರೆ. 2.5ಕ್ಕಿಂತ ಹೆಚ್ಚು ಎಂದು ಕೇಳಿದರೆ ಅದು ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಮೊದಲು ಎಲ್ಲವನ್ನೂ ಗುಂಟೆಗೆ ತನ್ನಿ (ಎಕರೆಗೆ 40): ಪಹಣಿಯ 2.30 ಎಂದರೆ 110, ಷರತ್ತಿನ ಎರಡೂವರೆ ಎಕರೆ ಎಂದರೆ 100.

ಅಕ್ಕಪಕ್ಕ ಏನಿದೆ, ಖರಾಬು (ಸಾಗುವಳಿಗೆ ಬಾರದ ಜಾಗ) ಎಲ್ಲಿ ಎಂದು ನೋಡಬೇಕಿದ್ದರೆ ಬಣ್ಣವೇ ಸರಿ. ಲೇಯರ್‌ನ ಸಿಂಬಾಲಜಿಯಲ್ಲಿ ಕೆಟಗರೈಸ್ಡ್ ಆರಿಸಿ, ಜಮೀನಿನ ಬಗೆಯ ಕಾಲಂ ಕೊಟ್ಟು ಕ್ಲಾಸಿಫೈ ಒತ್ತಿ. ‘ಖುಷ್ಕಿ’ ಎರಡು ಬಣ್ಣದಲ್ಲಿ ಬಂತೇ? ಒಂದು ಕಡೆ ಆ ಪದದ ಕೊನೆಯಲ್ಲಿ ಸ್ಪೇಸ್ ಉಳಿದಿರಬಹುದು. ಫಿಲ್ಟರ್ ಮುಚ್ಚಿಡುವ ಇಂಥ ತಪ್ಪನ್ನು ಬಣ್ಣ ಎತ್ತಿ ತೋರಿಸುತ್ತದೆ. ಹಾಗಾಗಿ ಮೊದಲು ಬಣ್ಣ ಹಚ್ಚಿ, ಆಮೇಲೆ ಸೋಸಿ.