ರೇಂಜ್‌ಫೈಂಡರ್ ಮತ್ತು ಬ್ಯಾಲಿಸ್ಟಿಕ್ ಆ್ಯಪ್: ಎರೆಹೊಲದಲ್ಲಿ ಬಳಸಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ, ಲೇಸರಿನಿಂದ ದೂರ ಅಳೆಯುವ ಈ ರೇಂಜ್‌ಫೈಂಡರ್ ಬೇಟೆಗಾರರಿಗೆ ಅಂತಲೇ ಮಾಡಿದ ಸಾಧನ. ಡಬ್ಬಿಯ ಮೇಲೆ ಕವಲುಕೋಡಿನ ಜಿಂಕೆಯ ಚಿತ್ರವೇ ಇದೆ. 1972ರ ವನ್ಯಜೀವಿ ಕಾಯ್ದೆಯಿಂದಾಗಿ ನಮ್ಮಲ್ಲಿ ಈಗ ಬೇಟೆಯ ಮಾತೇ ಇಲ್ಲ. ನಾನು ಬಳಸುವುದು ಎರಡಕ್ಕೆ: ನವಲಗುಂದದ ಕಡೆ ನಮ್ಮ ಹೊಲದಲ್ಲಿ ಏರ್‌ಗನ್ನಿನಿಂದ ಕಾಗದದ ಗುರಿಗೆ ಹೊಡೆಯೋಕೆ, ಮತ್ತೆ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲಿ ಕ್ಯಾಮೆರಾ ಹಿಡಿದು ಕೂತಾಗ.

ಕಡಲೆ ಕಿತ್ತ ಎರೆಹೊಲದಲ್ಲಿ ದೂರ ಅಂದಾಜು ಮಾಡೋದು ಬಲು ಕಷ್ಟ. ಗಿಡ ಇಲ್ಲ, ಗೋಡೆ ಇಲ್ಲ, ಕಣ್ಣಿಗೆ ಆಸರೆ ಏನೂ ಸಿಗೋದಿಲ್ಲ. ಅಲ್ಲಿ ಈ ಯಂತ್ರ ಕೊಟ್ಟ ದುಡ್ಡಿಗೆ ಮೋಸ ಮಾಡಿಲ್ಲ. ಲೇಸರ್ ಹೋಗಿ ಬರುವ ಸಮಯ ಅಳೆದು ದೂರ ಹೇಳುತ್ತದೆ. ಆದರೆ ಡಬ್ಬಿಯ ಮೇಲಿನ ಸಾವಿರ ಗಜದ ಮಾತು ಚೆನ್ನಾಗಿ ಹೊಳೆಯೋ ಗುರಿಗೆ ಮಾತ್ರ. ಕಪ್ಪತಗುಡ್ಡದ ಬಿಳಿ ಗಾಳಿಯಂತ್ರದ ಕಂಬ ಥಟ್ಟನೆ ಸಿಗುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಕಪ್ಪು ಮಣ್ಣಿನ ಹೆಂಟೆಗೆ ಹಿಡಿದರೆ ಅಂಕಿಯ ಬದಲು ಬರೀ ಗೆರೆ ತೋರಿಸುತ್ತದೆ. ಇನ್ನು ಜೋಳ ನಿಂತಿರುವಾಗ ಹಿಂದಿನ ಬದುವಿನ ಬದಲು ಎದುರಿನ ತೆನೆಯ ದೂರ ತೋರಿಸುತ್ತದೆ. ಆಗ ದೂರದ ವಸ್ತುವನ್ನೇ ಹಿಡಿಯುವ ಮೋಡ್‌ಗೆ ಹಾಕಬೇಕು. ಈ ಮೋಡ್ ಇಲ್ಲದ ಮಾಡೆಲ್ ನಮ್ಮ ಸೀಮೆಗೆ ಬೇಡವೇ ಬೇಡ. ಕೋನ ಲೆಕ್ಕ ಹಾಕುವ ಸೌಲಭ್ಯವೂ ಇದೆ. 30 ಡಿಗ್ರಿ ಇಳಿಜಾರಿನಲ್ಲಿ 200 ಮೀಟರ್ ದೂರದ ಗುರಿಗೆ, ಅಡ್ಡಲಾಗಿ ಅಳೆದ ದೂರವಾದ 173 ಮೀಟರ್ ಅಂತ ಹಿಡಿಯಬೇಕು. ಬಯಲುಸೀಮೆಯವರಿಗೆ ಅದರಿಂದ ಏನುಪಯೋಗ, ಅಲ್ವಾ?

ಗುಂಡು ಎಷ್ಟು ಕೆಳಗೆ ಬೀಳುತ್ತದೆ ಅಂತ ಲೆಕ್ಕ ಹಾಕುವ ಬ್ಯಾಲಿಸ್ಟಿಕ್ ಆ್ಯಪ್ ವಿಷಯ ಬೇರೆ. ದೂರದ ಅಂಕಿ ಸುಲಭವಾಗಿ ಸಿಗುತ್ತದೆ, ಗುಂಡಿನ ನಿಜವಾದ ವೇಗ ಸಿಗೋದಿಲ್ಲ. ಏರ್‌ಗನ್ನಿನ ಡಬ್ಬಿಯ ಮೇಲೆ ಬರೆದ ವೇಗ ಹಗುರ ಪೆಲೆಟ್ಟಿನದು (ಪೆಲೆಟ್ಟು ಅಂದರೆ ಏರ್‌ಗನ್ನಿನ ಚಿಕ್ಕ ಗುಂಡು). ಅದನ್ನೇ ಹಾಕಿದರೆ ಉತ್ತರ ಎಡವಟ್ಟು. ನಾನು ಮಾಡೋದು ಇಷ್ಟು: 25 ಮೀಟರಿಗೆ ಸೊನ್ನೆ ಹೊಂದಿಸಿ, ಅಂದರೆ ಆ ದೂರದಲ್ಲಿ ಗುರಿಯಿಟ್ಟಲ್ಲೇ ಪೆಲೆಟ್ಟು ತಾಗುವಂತೆ ಮಾಡಿ, ಆಮೇಲೆ 50 ಮೀಟರಿನಲ್ಲಿ ಕಾಗದಕ್ಕೆ ಹೊಡೆಯುತ್ತೇನೆ. ಗುರಿಯ ಹಿಂದೆ ಎತ್ತರದ ಬದು ಇರಲೇಬೇಕು. ನನ್ನ ಪೆಲೆಟ್ಟು ಸುಮಾರು ಅರ್ಧ ಗೇಣು ಕೆಳಗೆ ಬೀಳುತ್ತದೆ. ಆ್ಯಪಿನ ಲೆಕ್ಕವೂ ಅಷ್ಟೇ ಬರುವವರೆಗೆ ವೇಗದ ಅಂಕಿ ತಿದ್ದುತ್ತೇನೆ. ಆಮೇಲೆ ನಡುವಿನ ದೂರಗಳಿಗೆ ಅದು ಹೇಳಿದ್ದು ಹೆಚ್ಚುಕಡಿಮೆ ಸರಿಯಾಗುತ್ತದೆ.

ಬ್ಯಾಲಿಸ್ಟಿಕ್ ಆ್ಯಪಿನಲ್ಲಿ ವಾತಾವರಣದ ಒತ್ತಡದ ಅಂಕಿ ಹಾಕುವಾಗ ಹುಷಾರು. ಹವಾಮಾನದ ಆ್ಯಪು ತೋರಿಸುವ 1010 ಹೆಕ್ಟೊಪಾಸ್ಕಲ್ ಸುತ್ತಿನ ಅಂಕಿ ಸಮುದ್ರಮಟ್ಟಕ್ಕೆ ಹೊಂದಿಸಿದ್ದು. ಸುಮಾರು 700 ಮೀಟರ್ ಎತ್ತರದ ಧಾರವಾಡದಲ್ಲಿ ನಿಜವಾದ ಒತ್ತಡ 930ರ ಆಸುಪಾಸು. ನಮ್ಮ 50 ಮೀಟರಿಗೆ ಇದು ಲೆಕ್ಕಕ್ಕೇ ಇಲ್ಲ. ಬೇರೆ ದೇಶಗಳಲ್ಲಿ 400 ಮೀಟರಿಗೆ ರೈಫಲ್ ಹೊಡೆಯೋರಿಗೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ. ನಮಗೆ ಕಾಟ ಕೊಡೋದು ಅಡ್ಡಗಾಳಿ. ಅದನ್ನು ನನ್ನ ಯಂತ್ರವೂ ಅಳೆಯೋದಿಲ್ಲ, ಆ್ಯಪೂ ಅಳೆಯೋದಿಲ್ಲ. ಗುರಿಯ ಪಕ್ಕ ಒಂದು ರಿಬ್ಬನ್ ಕಟ್ಟಿದರೆ ಎಷ್ಟೋ ವಾಸಿ.

ಬ್ಯಾಟರಿ ಸಿಆರ್2. ಹುಬ್ಬಳ್ಳಿಯಲ್ಲಿ ಸುತ್ತಿದರೂ ಸಿಗಲಿಲ್ಲ, ಆನ್‌ಲೈನ್‌ನಲ್ಲೇ ತರಿಸಬೇಕಾಯಿತು. ಅದನ್ನು ಬದಲಿಸಿದಾಗಲೆಲ್ಲ ಮೀಟರ್ ಹೋಗಿ ಗಜ ಬಂದು ಕೂರುತ್ತದೆ. 300 ಗಜ ಅಂದರೆ 274 ಮೀಟರ್. ಹಾಗಾಗಿ ಹೊಸ ಬ್ಯಾಟರಿ ಹಾಕಿದ ತಕ್ಷಣ ಸೆಟ್ಟಿಂಗ್ ನೋಡಿಕೊಳ್ಳಿ. 50 ಮೀಟರ್ ಒಳಗೇ ಹೊಡೆಯುವವರು ಸುಮ್ನೆ ದುಡ್ಡು ಹಾಕಬೇಡಿ, ಉದ್ದನೆಯ ಟೇಪು ಸಾಕು.