ಚಗಳಿ ಚಟ್ನಿ: ಬಾಟಲಿಯದ್ದೂ ತಿಂದೆ, ನಮ್ಮ ಹಿತ್ತಲಿನದ್ದೂ ತಿಂದೆ

ಮೊದಲೇ ಹೇಳಿಬಿಡುತ್ತೇನೆ. ಚಿಕ್ಕಮಗಳೂರು ಪೇಟೆಯ ಅಂಗಡಿಯಿಂದ ತಂದ ಚಗಳಿ ಚಟ್ನಿ ಬಾಟಲಿಗೆ ನಾನು ಕೊಡುವುದು ಐದಕ್ಕೆ ಎರಡು. ಆಲ್ದೂರು ಹತ್ತಿರದ ನಮ್ಮ ಮನೆ ಹಿತ್ತಲ ಮಾವಿನ ಮರದಿಂದ ಇರುವೆ ಗೂಡು ಇಳಿಸಿ, ಅತ್ತೆ ಒರಳಲ್ಲಿ ಅರೆದುಕೊಟ್ಟ ಚಟ್ನಿಗೆ ನಾಲ್ಕೂವರೆ. ಎರಡನ್ನೂ ಒಂದೇ ದಿನ, ಒಂದೇ ಅಕ್ಕಿ ರೊಟ್ಟಿಯ ಎರಡು ಅರ್ಧಕ್ಕೆ ಹಚ್ಚಿಕೊಂಡು ತಿಂದು ನೋಡಿ ಬರೆಯುತ್ತಿದ್ದೇನೆ.

ಚಗಳಿ ಗೊತ್ತಿಲ್ಲದವರಿಗೆ ಒಂದು ಮಾತು. ಮಾವು, ಹಲಸು, ಗೇರು, ಕಾಫಿ ತೋಟದ ನೆರಳು ಮರ, ಇವುಗಳ ಹಸಿ ಎಲೆಗಳನ್ನು ಒಟ್ಟಿಗೆ ಎಳೆದು ಹೊಲಿದು ಚೆಂಡಿನ ಹಾಗೆ ಗೂಡು ಕಟ್ಟುವ ಕೆಂಪು ಇರುವೆ ಇದು. ಹೊಲಿಯುವ ನೂಲು ಬರುವುದು ಅದರ ಮರಿಗಳಿಂದ. ದೊಡ್ಡ ಇರುವೆಗಳು ಮರಿಯನ್ನು ಬಾಯಲ್ಲಿ ಹಿಡಿದು ಒಂದು ಎಲೆಯಿಂದ ಇನ್ನೊಂದು ಎಲೆಗೆ ಆಡಿಸುತ್ತವೆ, ಮಗ್ಗದ ಲಾಳಿ ಓಡಿದ ಹಾಗೆ. ಕೆಲವರು ಚಿಗಳಿ ಅನ್ನುತ್ತಾರೆ. ನಾನು ಹುಟ್ಟಿದ್ದು ಅರಸೀಕೆರೆ ಕಡೆ. ಅಲ್ಲಿ ಚಿಗಳಿ ಅಂದರೆ ನಾಗರಪಂಚಮಿಗೆ ಮಾಡುವ ಎಳ್ಳು ಬೆಲ್ಲದ ಉಂಡೆ. ಮದುವೆಯಾಗಿ ಈ ಕಡೆ ಬಂದ ಮೇಲೇ ಹೀಗೊಂದು ಇರುವೆ ಇದೆ, ಅದನ್ನು ಅರೆದು ತಿನ್ನುತ್ತಾರೆ ಅಂತ ಗೊತ್ತಾಗಿದ್ದು.

ಇಷ್ಟು ವರ್ಷ ನಾನು ತಿಂದಿರಲಿಲ್ಲ. ಅತ್ತೆ ಮಾಡಿದಾಗೆಲ್ಲ ಪಕ್ಕಕ್ಕೆ ಸರಿಯುತ್ತಿದ್ದೆ, ಅವರೂ ಒತ್ತಾಯ ಮಾಡುತ್ತಿರಲಿಲ್ಲ. ಈ ಡಿಸೆಂಬರಿನಲ್ಲಿ ಪೇಟೆಗೆ ಹೋದಾಗ ಕಾಫಿ ಪುಡಿ, ಜೇನು, ಕಾಳುಮೆಣಸು ಮಾರುವ ಒಂದು ಅಂಗಡಿಯಲ್ಲಿ ಗಾಜಿನ ಬಾಟಲಿ ಕಣ್ಣಿಗೆ ಬಿತ್ತು. ನಮ್ಮ ಮನೆ ಹಿಂದೆ ಮರದ ತುಂಬ ಇರುವುದನ್ನು ಇಲ್ಲಿ ಹೊರಗಿನಿಂದ ಬಂದವರು ಕೊಂಡುಕೊಳ್ಳುತ್ತಿದ್ದಾರಲ್ಲ ಅನ್ನಿಸಿತು. ಇನ್ನೂರು ಗ್ರಾಂಗೆ 280 ರೂಪಾಯಿ ಕೊಟ್ಟು ತಂದೆ.

ಬಾಟಲಿ ಕಥೆ ಮೊದಲು ಮುಗಿಸುತ್ತೇನೆ. ಮುಚ್ಚಳ ತೆಗೆದಾಗ ಬಂದದ್ದು ಬೆಳ್ಳುಳ್ಳಿ ಮತ್ತೆ ವಿನಿಗರ್ ವಾಸನೆ. ಮೇಲೆ ಒಂದು ಬೆರಳು ಎಣ್ಣೆ. ಚಟ್ನಿ ಅನ್ನುವುದಕ್ಕಿಂತ ಉಪ್ಪಿನಕಾಯಿ ಅನ್ನಬಹುದು. ಚಮಚದಲ್ಲಿ ತೆಗೆದರೆ ಖಾರದ ಪುಡಿ, ಹುಣಸೆಹಣ್ಣಿನ ತಿರುಳು, ಮಧ್ಯದಲ್ಲಿ ಅಲ್ಲೊಂದು ಇಲ್ಲೊಂದು ಇರುವೆ. ಇರುವೆ ಹಲ್ಲಿಗೆ ಸಿಕ್ಕರೆ ಎಣ್ಣೆಯಲ್ಲಿ ನೆನೆದ ಸಿಪ್ಪೆಯ ಹಾಗೆ, ಅದಕ್ಕೆ ಅದರದ್ದೇ ಅಂತ ರುಚಿ ಏನೂ ಉಳಿದಿಲ್ಲ. ಹುಳಿ ಇದೆ, ಆದರೆ ಅದು ಹುಣಸೆಯ ಹುಳಿ. ಚೀಟಿಯ ಮೇಲೆ ಇರುವೆ ಎಷ್ಟು ಹಾಕಿದ್ದಾರೆ ಅಂತ ಬರೆದಿಲ್ಲ. ತಯಾರಾದ ದಿನದ ಮುದ್ರೆ ಅಳಿಸಿಹೋಗಿದೆ. ಗೂಡು ಎಲ್ಲಿಂದ ಇಳಿಸಿದ್ದು ಅಂತ ಅಂಗಡಿಯವರನ್ನು ಕೇಳಿದೆ. 'ಹಳ್ಳಿ ಕಡೆಯಿಂದ ತಂದುಕೊಡ್ತಾರೆ ಮೇಡಂ' ಅಂದರು, ಅಷ್ಟೇ. ಕಾಫಿ ತೋಟದ ಊರಿನಲ್ಲಿ ಈ ಉತ್ತರ ಸಾಲದು. ಯಾಕೆ ಅಂತ ಮುಂದೆ ಹೇಳುತ್ತೇನೆ, ಇದು ನನಗೆ ತುಂಬ ಮುಖ್ಯ.

ಬಾಟಲಿಯದ್ದನ್ನು ಅತ್ತೆಗೆ ಒಂದು ಚೂರು ಕೊಟ್ಟೆ. ನಾಲಿಗೆ ಮೇಲೆ ಇಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. 'ಇದ್ರಲ್ಲಿ ಚಗಳಿ ಹುಳಿ ಎಲ್ಲೈತೆ? ನಾಳೆ ಬೆಳಿಗ್ಗೆ ಬೇಗ ಏಳು, ತೋರಿಸ್ತೀನಿ' ಅಂದರು.

ಬೆಳಿಗ್ಗೆ ಆರೂವರೆ. ಮಂಜು ಇನ್ನೂ ತೋಟದ ಮೇಲೆ ಕೂತಿತ್ತು. ಅತ್ತೆ ಈ ಹೊತ್ತನ್ನೇ ಹಿಡಿಯಲು ಕಾರಣ ಇದೆ. ಚಳಿಗೆ ಇರುವೆಗಳ ಓಡಾಟ ಕಡಿಮೆ, ಎಲ್ಲವೂ ಗೂಡಿನೊಳಗೇ ಇರುತ್ತವೆ. ಬಿಸಿಲು ಏರಿದ ಮೇಲೆ ಗೂಡು ಮುಟ್ಟಿದರೆ ಅರ್ಧ ಇರುವೆ ಮರದ ಮೇಲೆ, ಇನ್ನರ್ಧ ನಮ್ಮ ಕುತ್ತಿಗೆ ಮೇಲೆ. ತೋಟದ ಕೆಲಸಕ್ಕೆ ಬರುವ ಒಬ್ಬ ಅಣ್ಣ ಕೈಗೂ ಕಾಲಿಗೂ ಒಲೆ ಬೂದಿ ಬಳಿದುಕೊಂಡು ಮರ ಹತ್ತಿದರು. ಗೂಡಿನ ಕೆಳಗೆ ಗೋಣಿ ಚೀಲದ ಬಾಯಿ ಹಿಡಿದು, ಕೊಂಬೆಯನ್ನು ಕತ್ತಿಯಿಂದ ಒಂದೇ ಏಟಿಗೆ ಕಡಿದು, ಚೀಲದ ಬಾಯಿ ತಿರುಚಿ ಕಟ್ಟಿ ಕೆಳಗೆ ಬಿಟ್ಟರು. ಮರದಲ್ಲಿ ಒಟ್ಟು ಒಂಬತ್ತು ಗೂಡು ಎಣಿಸಿದ್ದೆ. ಇಳಿಸಿದ್ದು ಎರಡು, ಅದೂ ಹೊರಗಿನ ಕೊಂಬೆಯ ಸಣ್ಣ ಗೂಡುಗಳು. 'ಒಳಗಡೆ ದೊಡ್ಡದನ್ನ ಮುಟ್ಟಬಾರದು' ಅಂದರು ಅತ್ತೆ. ಈ ಇರುವೆಯ ಒಂದು ಸಂಸಾರ ಹತ್ತಾರು ಗೂಡುಗಳಲ್ಲಿ, ಎಷ್ಟೋ ಸಲ ಪಕ್ಕದ ಮರಗಳಲ್ಲೂ ಹರಡಿಕೊಂಡಿರುತ್ತದೆ. ಸಾಮಾನ್ಯವಾಗಿ ರಾಣಿ ಒಂದೇ, ಅದು ಯಾವುದೋ ಒಂದು ಗೂಡಿನಲ್ಲಿ ಇರುತ್ತದೆ. ಆ ಗೂಡು ಹೋದರೆ ಮುಂದೆ ಆ ಸಂಸಾರವೇ ಮುಗಿಯುತ್ತದೆ. ಅತ್ತೆ ರಾಣಿ ಗೀಣಿ ಅಂತ ಏನೂ ಹೇಳಲಿಲ್ಲ, ಆದರೆ ಅವರ ಲೆಕ್ಕ ಸರಿಯಾಗಿಯೇ ಇದೆ.

ನನಗೆ ಎರಡು ಕಡೆ ಕಚ್ಚಿತು. ಈ ಇರುವೆಗೆ ಕೊಂಡಿ ಇಲ್ಲ, ಬಾಯಲ್ಲಿ ಕಚ್ಚಿ ಹಿಡಿದು, ಹೊಟ್ಟೆಯ ತುದಿಯನ್ನು ಬಗ್ಗಿಸಿ ಗಾಯದ ಮೇಲೆ ಹುಳಿ ಚಿಮ್ಮಿಸುತ್ತದೆ. ಉರಿ ಅದರಿಂದ. ಆ ಹುಳಿ ಫಾರ್ಮಿಕ್ ಆಮ್ಲ, ಹೆಸರು ಬಂದಿರುವುದೇ ಇರುವೆಗೆ ಲ್ಯಾಟಿನ್‌ನಲ್ಲಿ ಇರುವ ಫಾರ್ಮಿಕಾ ಅನ್ನುವ ಪದದಿಂದ. ಚಟ್ನಿಯ ಜೀವ ಇರುವುದೂ ಅದರಲ್ಲೇ.

ಇನ್ನು ಅಡುಗೆ ಮನೆ. ಒಲೆ ಮೇಲೆ ಕಬ್ಬಿಣದ ಬಾಣಲೆ ಚೆನ್ನಾಗಿ ಕಾದಿತ್ತು. ಅತ್ತೆ ಚೀಲದ ಬಾಯಿ ಬಿಚ್ಚಿ ಗೂಡನ್ನು ಬಾಣಲೆ ಮೇಲೆ ಹಿಡಿದು ಎರಡು ಸಲ ಜೋರಾಗಿ ಒದರಿ, ತಕ್ಷಣ ಮುಚ್ಚಳ ಹಾಕಿದರು. ಒಂದು ನಿಮಿಷ ಎಳ್ಳು ಸಿಡಿದ ಹಾಗೆ ಚಟಪಟ ಸದ್ದು. ಮುಚ್ಚಳ ಎತ್ತಿದಾಗ ಬಂತು ನೋಡಿ ವಾಸನೆ! ನಿಂಬೆ ಎಲೆ ಹಿಚುಕಿ ಮೂಗಿಗೆ ಹಿಡಿದ ಹಾಗೆ, ಅದರ ಹಿಂದೆಯೇ ಕಣ್ಣಲ್ಲಿ ನೀರು ಬರುವಷ್ಟು ಚುರುಕು. ಕಿತ್ತಳೆ ಬಣ್ಣದ ಇರುವೆ ಗಾಢ ಕೆಂಪಾಗಿತ್ತು. ಮಧ್ಯೆ ಮಧ್ಯೆ ಅಕ್ಕಿ ನುಚ್ಚಿನ ಹಾಗೆ ಬೆಳ್ಳಗೆ ಕಾಣುತ್ತಿದ್ದದ್ದು ಮೊಟ್ಟೆ, ಮರಿ. ಎಲ್ಲರೂ ಮೊಟ್ಟೆ ಅಂತಲೇ ಕರೆಯುತ್ತಾರೆ. ಅತ್ತೆ ಅಲ್ಲಿಗೇ ಬಾಣಲೆ ಇಳಿಸಿಬಿಟ್ಟರು. ಇನ್ನೂ ಸ್ವಲ್ಪ ಹುರಿಯಬಹುದಾ ಅಂತ ಕೇಳಿದೆ. 'ಹುರಿದಷ್ಟೂ ಹುಳಿ ಹೋಗ್ತದೆ ಕಣೇ' ಅಂದರು.

ಬಾಟಲಿಯಲ್ಲಿ ಏನಾಗಿತ್ತು ಅಂತ ನನಗೆ ಗೊತ್ತಾಗಿದ್ದು ಆಗ. ಫಾರ್ಮಿಕ್ ಆಮ್ಲ ಆವಿಯಾಗುವ ಹುಳಿ. ಹೆಚ್ಚು ಕಡಿಮೆ ನೀರು ಕುದಿಯುವ ಬಿಸಿಗೇ ಅದೂ ಕುದಿಯುತ್ತದೆ. ತಿಂಗಳುಗಟ್ಟಲೆ ಇಡಬೇಕು ಅಂತ ಎಣ್ಣೆಯಲ್ಲಿ ಚೆನ್ನಾಗಿ ಹುರಿದರೆ ಇರುವೆಯ ಹುಳಿ ಹೊಗೆಯ ಜೊತೆ ಹೋಗುತ್ತದೆ. ಹೋದ ಜಾಗಕ್ಕೆ ಹುಣಸೆ, ವಿನಿಗರ್ ಬರುತ್ತವೆ. ಆಗ ಇರುವೆ ಸುಮ್ನೆ ಹೆಸರಿಗೆ. ಈ ಚಟ್ನಿ ಮಾಡಿದ ದಿನವೇ ತಿನ್ನಬೇಕಾದದ್ದು, ಬಾಟಲಿಗೆ ಹಾಕಿ ಇಡುವ ಪದಾರ್ಥ ಅಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬೇರೆ ತಯಾರಕರು ಚೆನ್ನಾಗಿ ಮಾಡುತ್ತಿರಬಹುದು, ನಾನು ತಿಂದದ್ದು ಒಂದೇ ಬಾಟಲಿ. ಆದರೆ ಕಷ್ಟ ಇದೆ.

ಹುರಿದದ್ದನ್ನು ಮೊರದಲ್ಲಿ ಕೇರಿ ಎಲೆ ಚೂರು, ಗೂಡಿನ ಬಿಳಿ ನೂಲು ತೆಗೆದರು. ಒರಳಿಗೆ ಮೊದಲು ಉಪ್ಪು, ಜೀರಿಗೆ ಮೆಣಸು ಅನ್ನುವ ಪುಟ್ಟ ಖಾರದ ಮೆಣಸಿನಕಾಯಿ, ನಾಲ್ಕು ಎಸಳು ಬೆಳ್ಳುಳ್ಳಿ. ಆಮೇಲೆ ಇರುವೆ. ಕೊನೆಗೆ ಒಂದು ಹಿಡಿ ಕಾಯಿತುರಿ, ಅರ್ಧ ಈರುಳ್ಳಿ. ನೀರು ಇಲ್ಲ, ಹುಣಸೆ ಇಲ್ಲ, ಒಗ್ಗರಣೆ ಇಲ್ಲ. ತರಿತರಿಯಾಗಿ ಅರೆದರು. ಎರಡು ಗೂಡಿಗೆ ಸಿಕ್ಕಿದ್ದು ಒಂದು ಲೋಟದಷ್ಟು ಚಟ್ನಿ. ಶುರುವಿನಿಂದ ಕೊನೆಯವರೆಗೆ ಎರಡು ಗಂಟೆ ಕೆಲಸ, ಮೂರು ಜನ.

ರುಚಿ ಹೇಳುತ್ತೇನೆ. ಬಿಸಿ ಅಕ್ಕಿ ರೊಟ್ಟಿಗೆ ಸ್ವಲ್ಪ ತುಪ್ಪ, ಮೇಲೆ ಈ ಚಟ್ನಿ. ಮೊದಲು ಬರುವುದು ಖಾರ ಅಂದುಕೊಂಡಿದ್ದೆ, ಬಂದದ್ದು ಹುಳಿ. ನಿಂಬೆಯ ಹುಳಿ ನಾಲಿಗೆಯ ಪಕ್ಕಕ್ಕೆ ಹಿಡಿಯುತ್ತದಲ್ವಾ, ಇದು ಹಾಗಲ್ಲ, ಮೂಗಿನವರೆಗೆ ಏರುತ್ತದೆ, ಸಾಸಿವೆ ಅರೆದು ಹಾಕಿದ ಗೊಜ್ಜಿನ ಹಾಗೆ, ಮತ್ತೆ ಅಷ್ಟೇ ಬೇಗ ಇಳಿಯುತ್ತದೆ. ಅದು ಇಳಿಯುವಾಗ ಕಾಯಿಯ ಸಿಹಿ, ಮೊಟ್ಟೆಯ ಕೆನೆ ತರದ ಜಿಡ್ಡು. ಜೀರಿಗೆ ಮೆಣಸಿನ ಖಾರ ಎಲ್ಲಕ್ಕಿಂತ ಕೊನೆಗೆ. ಎರಡನೇ ರೊಟ್ಟಿ ನಾನೇ ಕೇಳಿ ಹಾಕಿಸಿಕೊಂಡೆ. ಏಳನೇ ಕ್ಲಾಸಿನ ಮಗಳು ಕಡುಬಿನ ಜೊತೆ ತಿಂದಳು, ಅವಳಿಗೆ ಮೊಟ್ಟೆ ಜಾಸ್ತಿ ಇದ್ದ ಭಾಗ ಬೇಕಂತೆ. ನಮ್ಮನೆಯವರಿಗೆ ಇದು ಚಿಕ್ಕಂದಿನ ಊಟ, ಅವರು ಮಾತಾಡದೆ ತಿಂದರು.

ಅರ್ಧ ಅಂಕ ಕಳೆದದ್ದು ಯಾಕೆ ಅಂದರೆ, ಇರುವೆ ಕಾಲು ಹಲ್ಲಿನ ಸಂದಿಗೆ ಸಿಕ್ಕಿಕೊಳ್ಳುತ್ತದೆ. ಇನ್ನೂ ಸ್ವಲ್ಪ ನುಣ್ಣಗೆ ಅರೆಯಬಹುದಿತ್ತು. ಅತ್ತೆ ಒಪ್ಪುವುದಿಲ್ಲ. ಮಧ್ಯಾಹ್ನ ಉಳಿದದ್ದನ್ನು ಮತ್ತೆ ತಿಂದು ನೋಡಿದೆ, ಹುಳಿಯ ಚುರುಕು ಆಗಲೇ ಇಳಿದಿತ್ತು. ಮಾರನೇ ದಿನಕ್ಕೆ ಅದು ಬರೀ ಕಾಯಿ ಚಟ್ನಿ.

ಈಗ ಆ ಮುಖ್ಯ ವಿಷಯ. ಕಾಫಿ ತೋಟದಲ್ಲಿ ಹಿಟ್ಟು ತಿಗಣೆಗೆ, ಕಾಂಡ ಕೊರಕಕ್ಕೆ ಔಷಧಿ ಹೊಡೆಯುತ್ತಾರೆ. ಹಿಟ್ಟು ತಿಗಣೆ, ಹಸಿರು ಶಲ್ಕ ಕೀಟ ಸುರಿಸುವ ಸಿಹಿ ಅಂಟನ್ನು ನೆಕ್ಕುವುದಕ್ಕೆ ಚಗಳಿ ಅವುಗಳ ಹತ್ತಿರವೇ ಓಡಾಡುತ್ತದೆ. ಔಷಧಿ ಬಿದ್ದ ಗಿಡದ ಮೇಲೆ ಓಡಾಡಿದ ಇರುವೆ ನಿಮ್ಮ ಒರಳಿಗೆ ಬಂದರೆ ಏನಾಗುತ್ತದೆ ಯೋಚಿಸಿ. ನಮ್ಮ ಹಿತ್ತಲಿಗೆ ನಾವು ಏನೂ ಹೊಡೆಯುವುದಿಲ್ಲ. ಪಕ್ಕದ ತೋಟದವರನ್ನೂ ಕೇಳಿ, ಇತ್ತೀಚೆಗೆ ಹೊಡೆದಿಲ್ಲ ಅಂತ ಖಾತ್ರಿ ಮಾಡಿಕೊಂಡೇ ಗೂಡು ಇಳಿಸಿದ್ದು. ನಿಮ್ಮದೇ ಹಿತ್ತಲಾದರೂ ಗೊತ್ತಿಲ್ಲದಿದ್ದರೆ ಮುಟ್ಟಬೇಡಿ. ರಸ್ತೆ ಬದಿಯ ಮರದ್ದು ಬೇಡವೇ ಬೇಡ. ಇನ್ನೊಂದು, ಸಿಗಡಿ, ಏಡಿ ತಿಂದರೆ ಮೈ ಕೆರೆತ, ಉಬ್ಬಸ ಬರುವವರು ಇದನ್ನು ತಿನ್ನಬಾರದು. ಸಿಗಡಿಯಲ್ಲಿ ಅಲರ್ಜಿ ಮಾಡುವ ಪ್ರೋಟೀನಿನ ಜಾತಿಯದ್ದೇ ಹುಳಗಳಲ್ಲೂ ಇರುತ್ತದೆ. ನಮ್ಮ ಓರಗಿತ್ತಿಗೆ ಏಡಿ ಸಾರು ಆಗುವುದಿಲ್ಲ, ಅವಳಿಗೆ ನಾವು ಕೊಡಲಿಲ್ಲ.

ಶೀತ, ಕೆಮ್ಮಿಗೆ ಒಳ್ಳೆಯದು ಅಂತ ಊರಲ್ಲಿ ಎಲ್ಲರೂ ಹೇಳುತ್ತಾರೆ, ಅದಕ್ಕೇ ಚಳಿಗಾಲದಲ್ಲಿ ಮಾಡುವುದು. ನಾನು ಔಷಧಿ ಅಂತ ಹೇಳಿ ಯಾರಿಗೂ ತಿನ್ನಿಸುವುದಿಲ್ಲ. ಊಟ ಅಂತ ತಿನ್ನಿ, ಅಷ್ಟು ಸಾಕು.

ಬಯಲುಸೀಮೆಯವಳಾಗಿ ಒಂದು ಮಾತು ಸೇರಿಸಲೇಬೇಕು. ನಮ್ಮ ಅರಸೀಕೆರೆ ಕಡೆ ಚಗಳಿ ತಿನ್ನುವುದು ನಾನು ನೋಡಿಲ್ಲ, ಆದರೆ ಈಸಲು ಹುಳ ತಿಂದೇ ಬೆಳೆದವಳು ನಾನು. ಮುಂಗಾರಿನ ಮೊದಲ ಜೋರು ಮಳೆ ಬಿದ್ದ ಸಂಜೆ ಹುತ್ತದಿಂದ ರೆಕ್ಕೆ ಬಂದ ಗೆದ್ದಲು ಏಳುತ್ತವಲ್ಲ, ಅವೇ. ದೀಪದ ಕೆಳಗೆ ನೀರಿನ ತಟ್ಟೆ ಇಟ್ಟು ಹಿಡಿದು, ಬಿಸಿ ಬಾಣಲೆಯಲ್ಲಿ ಹುರಿದು, ಮೊರದಲ್ಲಿ ರೆಕ್ಕೆ ಹಾರಿಸಿ, ಹುರಿಗಡಲೆ, ಪುರಿ ಜೊತೆ ಬೆರೆಸಿ ಅಜ್ಜಿ ಕೊಡುತ್ತಿದ್ದರು. ಅದಕ್ಕೆ ಎಣ್ಣೆಯೇ ಬೇಡ, ಅದರದ್ದೇ ಜಿಡ್ಡು ಸಾಕು. ಹಸಿ ಕಡಲೆಕಾಯಿ ಹುರಿದ ರುಚಿ. ಹೋದ ಮೇ ತಿಂಗಳಲ್ಲಿ ಇಲ್ಲಿ ನಮ್ಮ ಜಗಲಿ ದೀಪಕ್ಕೆ ಬಂದವನ್ನು ಹಿಡಿದು ಹಾಗೇ ಮಾಡಿದೆ. ಐದಕ್ಕೆ ನಾಲ್ಕು. ಅತ್ತೆ ಎರಡು ಕಾಳು ಬಾಯಿಗೆ ಹಾಕಿಕೊಂಡು ನಕ್ಕರು, ಅವರಿಗೆ ಇದು ಹೊಸದು.

ಹುಳ ತಿನ್ನುವವರು ಅಂತ ಮೂಗು ಮುರಿಯುವವರನ್ನು ನೋಡಿದರೆ ನನಗೆ ಬೇಜಾರಾಗುತ್ತದೆ. ನಾನೂ ಇಷ್ಟು ವರ್ಷ ಇದೇ ಮನೆಯಲ್ಲಿ ಪಕ್ಕಕ್ಕೆ ಸರಿದು ಕೂತವಳು, ಅತ್ತೆಗೆ ಆಗ ಎಷ್ಟು ನೋವಾಗಿರಬಹುದು ಅಂತ ಈಗ ಅನ್ನಿಸುತ್ತದೆ. ಇದೇ ಇರುವೆಯಿಂದ ಒಡಿಶಾದ ಮಯೂರ್‌ಭಂಜ್‌ನಲ್ಲಿ ಮಾಡುವ ಕಾಯಿ ಚಟ್ನಿಗೆ 2024ರ ಜನವರಿಯಲ್ಲಿ ಜಿಐ, ಅಂದರೆ ಆ ಊರಿನದ್ದೇ ವಿಶೇಷ ಅನ್ನುವ ಭೌಗೋಳಿಕ ಸೂಚಕದ, ಮಾನ್ಯತೆ ಸಿಕ್ಕಿತು. ಅಲ್ಲಿ ಕಾಯಿ ಅಂದರೆ ಇರುವೆ, ನಮ್ಮ ತೆಂಗಿನಕಾಯಿ ಅಲ್ಲ. ಛತ್ತೀಸ್‌ಗಢದ ಬಸ್ತರ್‌ನ ಸಂತೆಗಳಲ್ಲಿ ಎಲೆ ದೊನ್ನೆಯಲ್ಲಿ ಮಾರುತ್ತಾರೆ. ಪ್ರಪಂಚದಲ್ಲಿ 1900ಕ್ಕೂ ಹೆಚ್ಚು ಬಗೆಯ ಹುಳಗಳನ್ನು ಜನ ತಿನ್ನುತ್ತಾರೆ ಅಂತ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲೇ ಲೆಕ್ಕ ಕೊಟ್ಟಿದೆ. ಮಲೆನಾಡಿನಲ್ಲಿ ಕಳಲೆ, ಏಡಿ, ಅಣಬೆ ಮೆಚ್ಚಿ ತಿನ್ನುವವರು ಚಗಳಿ ಅಂದಾಗ ಮಾತ್ರ ದನಿ ತಗ್ಗಿಸುತ್ತಾರೆ. ತಗ್ಗಿಸುವ ಅಗತ್ಯ ಇಲ್ಲ.

ಯಾರು ಮಾಡಬಹುದು? ಮರ ಹತ್ತುವವರು ಗೊತ್ತಿರಬೇಕು, ಔಷಧಿ ಬೀಳದ ಮರ ಇರಬೇಕು, ಮನೆಯಲ್ಲಿ ಒಮ್ಮೆ ಮಾಡಿದವರು ಯಾರಾದರೂ ಜೊತೆಗೆ ಇರಬೇಕು. ಮೂರೂ ಇಲ್ಲದಿದ್ದರೆ ಮಲೆನಾಡಿನ ಕಡೆ ಹೋಂಸ್ಟೇಗೆ ಬಂದಾಗ ಮೊದಲೇ ಫೋನ್ ಮಾಡಿ ಕೇಳಿ, ಅದೂ ಚಳಿಗಾಲದಲ್ಲಿ. ಬೆಳಿಗ್ಗೆ ಇಳಿಸಿದ ಗೂಡಿನದ್ದೇ ಮಾಡಿಕೊಡುತ್ತೀರಾ, ಯಾವ ಮರದ್ದು ಅಂತ ಕೇಳಲು ಹಿಂಜರಿಯಬೇಡಿ. ಫ್ರಿಜ್ಜಿನಲ್ಲಿ ಇದೆ ಅಂದರೆ ಬೇಡ ಅನ್ನಿ.

ಬಾಟಲಿಯಲ್ಲಿ ಇನ್ನೂ ಮುಕ್ಕಾಲು ಉಳಿದಿದೆ. ಮಾವಿನ ಮರದಲ್ಲಿ ಏಳು ಗೂಡು. ನಿನ್ನೆ ನೋಡಿದರೆ ಕಡಿದ ಕೊಂಬೆಯ ಪಕ್ಕದಲ್ಲೇ ಇರುವೆಗಳು ಸಾಲಾಗಿ ನಿಂತು ಹೊಸ ಎಲೆ ಎಳೆಯುತ್ತಿದ್ದವು, ಎಂಟನೆಯದ್ದಕ್ಕೆ.